‘ಹಾಸಿಗೆ’ ಮತ್ತು ‘ಗಾದಿ’: ಒಂದು ಪದದ ಅರ್ಥವ್ಯಾಪ್ತಿ

ಕನ್ನಡ–ಇಂಗ್ಲಿಷ್ ಕೋಶಗಳಲ್ಲಿ ‘ಹಾಸಿಗೆ’ಗೆ ಸಾಮಾನ್ಯವಾಗಿ ಮೊದಲು ಸಿಗುವ ಅರ್ಥ ‘ಬೆಡ್’. ಆ ಇಂಗ್ಲಿಷ್ ಪದ ಕೇಳಿದೊಡನೆ ಕೋಣೆಯಲ್ಲಿ ಕಾಯಂ ಜಾಗ ಹಿಡಿದ ಮಂಚವೂ ಕಣ್ಣಿಗೆ ಕಟ್ಟುತ್ತದೆ. ಕನ್ನಡದ ಪದಕ್ಕೆ ಮಂಚ ಬೇಕಿಲ್ಲ. ಮೂಲದಲ್ಲಿ ಅದಕ್ಕೆ ಗೊತ್ತಾದ ಒಂದು ವಸ್ತುವೂ ಬೇಕಿರಲಿಲ್ಲ ಎಂಬುದು ನನ್ನ ವಾದ.

ವ್ಯುತ್ಪತ್ತಿಯಲ್ಲಿ ತಕರಾರಿಲ್ಲ. ಹಳಗನ್ನಡದ ‘ಪಾಸು’ ಪಕಾರ ಹಕಾರವಾಗಿ ‘ಹಾಸು’ ಆಯಿತು. ಬರೋ ಮತ್ತು ಎಮೆನೊ ಅವರ ದ್ರಾವಿಡ ಜ್ಞಾತಿಪದಕೋಶ (1961, ಪರಿಷ್ಕೃತ ಆವೃತ್ತಿ 1984) ಇದನ್ನು ಚಾಪೆ ಎಂಬರ್ಥದ ತಮಿಳಿನ ‘ಪಾಯ್’ ಜೊತೆಗಿಡುತ್ತದೆ. ಹೆಸರು–ಪೆಯರ್, ಉಸಿರು–ಉಯಿರ್ ಜೋಡಿಗಳಲ್ಲಿ ಕಾಣುವ ಸಕಾರ–ಯಕಾರಗಳ ನಂಟೇ ಇಲ್ಲಿಯೂ ಇದೆ.

ಪ್ರಶ್ನೆ ಏಳುವುದು ‘-ಗೆ’ ಪ್ರತ್ಯಯದಿಂದ. ‘ಹೊಲಿಗೆ’ ಎಂದರೆ ಹೊಲಿಯುವ ಕೆಲಸ, ಬಟ್ಟೆಯ ಮೇಲೆ ಉಳಿದ ದಾರದ ಗೆರೆಯೂ ಹೌದು. ‘ಅಡಿಗೆ’ ಒಲೆಯ ಮುಂದಿನ ದುಡಿಮೆ, ಪಾತ್ರೆಯಲ್ಲಿರುವ ಪದಾರ್ಥವೂ ಹೌದು. ‘ಹಾಸಿಗೆ’ಯಲ್ಲಿ ಕೆಲಸದ ಅರ್ಥ ಮಾಸಿದೆ, ಆದರೆ ಅದರ ಜೊತೆ ಬರುವ ಕ್ರಿಯಾಪದಗಳು ಅದನ್ನು ಮರೆತಿಲ್ಲ. ಹಾಸಿಗೆಯನ್ನು ಹಾಸುತ್ತೇವೆ, ಸುತ್ತುತ್ತೇವೆ, ಮಡಿಚುತ್ತೇವೆ, ಬೆಳಗಾದರೆ ಎತ್ತಿಡುತ್ತೇವೆ. ಎತ್ತಿಟ್ಟ ಮೇಲೆ ಮೂಲೆಯಲ್ಲಿರುವುದು ಚಾಪೆ, ಕಂಬಳಿ, ಜಮಖಾನ, ದಿಂಬು. ರಾತ್ರಿ ಹಾಸಿದಾಗ ಅವೆಲ್ಲ ಸೇರಿ ಮತ್ತೆ ಹಾಸಿಗೆಯಾಗುತ್ತವೆ.

ಇದಕ್ಕೆ ಎದುರಾಗಿ ಮೈಸೂರು ಸೀಮೆಯ ಬಳಕೆಯನ್ನು ಒಡ್ಡಬಹುದು. ಅಲ್ಲಿ ‘ಹಾಸಿಗೆ ಹೊಲಿಸುವುದು’ ಎಂದರೆ ಹತ್ತಿ ತುಂಬಿಸಿ ಮೆತ್ತೆ ಮಾಡಿಸುವುದೇ. ‘ಬೂರುಗದ ಹತ್ತಿಯ ಹಾಸಿಗೆ’ ಹಾಸದಿದ್ದರೂ ಹಾಸಿಗೆಯೇ. ಈ ಆಕ್ಷೇಪ ಬಲವಾದದ್ದು. ಆದರೆ ಧಾರವಾಡದ ಕಡೆ ಹತ್ತಿ ತುಂಬಿದ್ದಕ್ಕೆ ‘ಗಾದಿ’ ಎಂಬ ಬೇರೆ ಹೆಸರಿದೆ. ಅಲ್ಲಿ ‘ಹಾಸಿಗಿ’ ಎಂದಾಗ ಗಾದಿ ಇರಬಹುದು, ಇಲ್ಲದೆಯೂ ಇರಬಹುದು; ಬರಿಯ ಕೌದಿ ಹಾಸಿದರೂ ಅದು ಹಾಸಿಗಿಯೇ. ಹಾಗಾಗಿ ಮೆತ್ತೆಗೆ ಬೇರೆ ಹೆಸರು ನೆಲೆನಿಂತ ಕಡೆ ‘ಹಾಸಿಗೆ’ ತನ್ನ ಹಳೆಯ ಹರವನ್ನು ಉಳಿಸಿಕೊಂಡಿತು, ಅಂಥ ಹೆಸರಿಲ್ಲದ ಕಡೆ ಮೆತ್ತೆಗೇ ಸೀಮಿತವಾಯಿತು ಎಂದು ಊಹಿಸುತ್ತೇನೆ. ಊಹೆ ಎಂದೇ ಹೇಳುತ್ತಿದ್ದೇನೆ. ಇದಕ್ಕೆ ಆಧಾರ ಇಂದಿನ ಆಡುಮಾತು ಮಾತ್ರ. ಯಾವ ಬದಲಾವಣೆ ಯಾವ ಕಾಲದ್ದು ಎಂದು ಆಡುಮಾತೊಂದರಿಂದಲೇ ತೀರ್ಮಾನಿಸಲಾಗದು. ಪೇಟೆಗಳಲ್ಲಂತೂ ಎರಡೂ ಬಳಕೆಗಳು ಬೆರೆತಿವೆ.

ಗಾದೆಯೊಂದು ಈ ಊಹೆಗೆ ಒತ್ತಾಸೆಯಾಗಿದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುತ್ತೇವೆ. ಹಿಂದಿಯ ಗಾದೆಯಲ್ಲಿರುವುದು ಚಾದರ: ಹೊದಿಕೆ ಗಿಡ್ಡವಾದರೆ ಕಾಲು ಹೊರಗೆ ಬೀಳುತ್ತದೆ. ಮರಾಠಿಯಲ್ಲಿ ‘ಅಂಥರೂಣ’, ಅಂದರೆ ಕನ್ನಡದಂತೆಯೇ ಕೆಳಗೆ ಹಾಸಿದ್ದು. ಕನ್ನಡದ ಗಾದೆಯಲ್ಲಿ ಕಾಲು ಹಾಸಿಗೆ ದಾಟಿದರೆ ತಣ್ಣನೆಯ ನೆಲ ತಾಗುತ್ತದೆ. ಮಂಚವಿದ್ದಿದ್ದರೆ ಕಾಲಿಗೆ ಎಲ್ಲೆ ಮಂಚದ್ದೇ ಆಗುತ್ತಿತ್ತು, ಹಾಸಿಗೆಯ ಮಾತೇ ಬೇಕಿರಲಿಲ್ಲ. ನೇಕಾರರ ಮಾತೂ ಇಲ್ಲಿ ನೆರವಿಗೆ ಬರುತ್ತದೆ. ‘ಹಾಸುಹೊಕ್ಕು’ ಎಂಬಲ್ಲಿ ‘ಹಾಸು’ ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ನೂಲು, ‘ಹೊಕ್ಕು’ ಅಡ್ಡಕ್ಕೆ ಹೊಗುವ ನೂಲು. ಧಾತುವಿನಲ್ಲೇ ಉದ್ದದ ಕಲ್ಪನೆ ಇತ್ತೆಂದರೆ, ಕಾಲಿಗೆ ಅಳತೆಗೋಲಾಗಿ ಹಾಸಿಗೆಯೇ ಒದಗಿದ್ದು ಸಹಜ.

ಉಳಿದದ್ದು ಆಸ್ಪತ್ರೆಯ ಹಾಸಿಗೆ. ‘100 ಹಾಸಿಗೆಗಳ ಆಸ್ಪತ್ರೆ’ ಎಂಬಲ್ಲಿ ಎಣಿಸುವುದು ಹಾಸಿದ್ದನ್ನಲ್ಲ, ರೋಗಿಗೆ ಸಿಗುವ ಜಾಗ ಮತ್ತು ಆರೈಕೆಯನ್ನು. 2021ರ ಬೇಸಿಗೆಯ ಕೋವಿಡ್ ಅಲೆಯಲ್ಲಿ ‘ಹಾಸಿಗೆ ಸಿಗಲಿಲ್ಲ’ ಎಂಬ ಮಾತು ಎಷ್ಟು ಮನೆಗಳಲ್ಲಿ ಯಾವ ಅರ್ಥ ಪಡೆಯಿತೆಂಬುದನ್ನು ನಾವೆಲ್ಲ ಬಲ್ಲೆವು. ಈ ಬಳಕೆ ಇಂಗ್ಲಿಷಿನ ನೆರಳು ಎನ್ನುವುದು ಸುಲಭ. ನನ್ನ ಒಲವೂ ಬಹುಪಾಲು ಅತ್ತಲೇ. ಆದರೂ ಅನುವಾದಿಸಿದವರು ‘ಮಂಚ’ವನ್ನು ಬಿಟ್ಟು ‘ಹಾಸಿಗೆ’ಯನ್ನು ಆರಿಸಿಕೊಂಡದ್ದೇಕೆ? ಕಾಯಿಲೆ ಬಿದ್ದವರನ್ನು ‘ಹಾಸಿಗೆ ಹಿಡಿದರು’ ಎನ್ನುವ ನಮ್ಮದೇ ನುಡಿಗಟ್ಟು ಅವರ ಕೈ ಹಿಡಿದಿರಬಹುದು. ಹಳೆಯ ಮೈಸೂರು ಸಂಸ್ಥಾನದ ಕನ್ನಡ ಕಡತಗಳನ್ನೂ ಅಂದಿನ ಪತ್ರಿಕೆಗಳನ್ನೂ ಈ ಒಂದು ಪದಕ್ಕಾಗಿ ಜಾಲಾಡಿದ ಮೇಲೆಯೇ ಅದನ್ನು ಖಚಿತವಾಗಿ ಹೇಳಬಹುದು.