ನಾಯಿಯ ಹೊಟ್ಟೆಯ ಹುಳುವೂ ನಮ್ಮ ಅಡಿಕೆಯೂ

ದೇಸೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಅಡಿಕೆ ತಿನ್ನಿಸಿದರೆ ನಾಯಿಯ ಹೊಟ್ಟೆಯ ಹುಳು ಬೀಳುವುದೆಂಬ ಮಾತು ನಿಜವೇ ಎಂದು ಕೇಳಿದ್ದಾರೆ. ನಿಜ, ಆದರೆ ಹಾಗೆ ಮಾಡಲಾಗದು. ಇದರ ಇತಿಹಾಸ ಸ್ವಾರಸ್ಯಕರವಾಗಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ನಾಯಿ ಸಾಕುವವರಿಗೆ ತುರಿದ ಅಡಿಕೆಯ ಪುಡಿಯೇ ಜಂತಿನ ಮದ್ದು. ನಮ್ಮಲ್ಲಿ ತಾಂಬೂಲದ ಗೌರವ ಪಡೆದ ವಸ್ತುವಿಗೆ ಅಲ್ಲಿ ದೊರೆತ ಸ್ಥಾನ ಅದು! 1888ರಲ್ಲಿ ಜರ್ಮನಿಯ ಯಾನ್ಸ್ ಎಂಬಾತನು ಅಡಿಕೆಯಿಂದ ಅರೆಕೋಲಿನ್ ಎಂಬ ಸಾರವನ್ನು ಬೇರ್ಪಡಿಸಿದನು. ಅದು ಲಾಡಿಹುಳುವನ್ನು ನಿಶ್ಚೇಷ್ಟಗೊಳಿಸುತ್ತದೆ, ನಾಯಿಗೆ ಭೇದಿಯನ್ನೂ ಮಾಡಿಸುತ್ತದೆ. ಹಿಡಿತ ಸಡಿಲಿದ ಹುಳು ಹೊರಬೀಳುತ್ತದೆ.

ಲಾಡಿಹುಳುಗಳಲ್ಲಿ ಎಕಿನೊಕಾಕಸ್ ಎಂಬುದು ಅಕ್ಕಿಕಾಳಿಗಿಂತಲೂ ಚಿಕ್ಕದು. ನಾಯಿಗೆ ಅದರಿಂದ ಹೆಚ್ಚಿನ ಬಾಧೆಯಿಲ್ಲ. ಆದರೆ ಅದರ ಮೊಟ್ಟೆಗಳು ಮಲದೊಡನೆ ಹುಲ್ಲಿಗೂ, ಮೈಸವರಿದ ಮಕ್ಕಳ ಕೈಗೂ ಅಂಟುತ್ತವೆ. ಅವು ಹೊಟ್ಟೆ ಸೇರಿದರೆ ಕುರಿಯಲ್ಲಿಯೂ ಮನುಷ್ಯನಲ್ಲಿಯೂ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತವೆ. ಅಂಥ ಕುರಿಯ ಹಸಿ ಅಂಗಗಳನ್ನು ತಿಂದ ನಾಯಿಯಲ್ಲಿ ಮತ್ತೆ ಹುಳು. ಕುರಿಗಳ ನಾಡಾದ ಐಸ್‌ಲ್ಯಾಂಡಿನಲ್ಲಿ ಈ ರೋಗ ಮನೆಮನೆಯ ಸಂಕಟವಾಗಿತ್ತು. ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ 1863ರಲ್ಲಿ ಅಲ್ಲಿಗೆ ಹೋಗಿ ನೂರು ನಾಯಿಗಳ ಶವಗಳನ್ನು ಪರೀಕ್ಷಿಸಿದಾಗ 28ರಲ್ಲಿ ಈ ಹುಳು ಕಂಡಿತು. ಗುಳ್ಳೆಯಿರುವ ಅಂಗಗಳನ್ನು ನಾಯಿಗೆ ಹಾಕದೆ ನಾಶಮಾಡಬೇಕೆಂದು ಅವನು ಬರೆದ ಕಿರುಹೊತ್ತಿಗೆಯನ್ನು ಜನರಿಗೆ ಹಂಚಲಾಯಿತು. ಓದು ಬಲ್ಲ ಜನ. ದಶಕಗಳು ಹಿಡಿದರೂ ರೋಗವು ಅಲ್ಲಿಂದ ತೊಲಗಿತು. ನ್ಯೂಜಿಲೆಂಡ್ 1959ರಲ್ಲಿ ಕಾನೂನನ್ನೇ ತಂದಿತು. ಗೊತ್ತುಪಡಿಸಿದ ಸ್ಥಳಕ್ಕೆ ನಾಯಿಗಳನ್ನು ಕರೆತರಿಸಿ, ಅಧಿಕಾರಿಗಳೇ ಅರೆಕೋಲಿನ್ ಕುಡಿಸಿ, ಬಿದ್ದ ಮಲವನ್ನು ಪರೀಕ್ಷಿಸುತ್ತಿದ್ದರು. ಅಡಿಕೆಯ ಸಾರ ಎಲ್ಲಿಂದೆಲ್ಲಿಗೆ ಹೋಯಿತು ನೋಡಿ.

ಅರೆಕೋಲಿನ್ನಿನ ಪ್ರಮಾಣ ಸ್ವಲ್ಪ ಮೀರಿದರೂ ವಾಂತಿ, ಉಸಿರಾಟದ ತೊಂದರೆ, ಸಾವೂ ಉಂಟಾಗಬಹುದು. ಆದ್ದರಿಂದಲೇ 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಅದು ಹಿಂದೆ ಸರಿಯಿತು. ಈ ಹೊಸ ಮದ್ದು ಕೊಕ್ಕೆಹುಳು, ದುಂಡುಹುಳುಗಳಿಗೆ ನಾಟದು; ಅವಕ್ಕೆ ಬೇರೆ ಔಷಧ. ಅಳತೆಯನ್ನು ಪಶುವೈದ್ಯರೇ ಹೇಳಬೇಕು.

ಸುಗ್ಗಿಯ ನಂತರ ಬೆಳಗಾವಿ ಜಿಲ್ಲೆಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಹಿಂಡು ತರುಬುತ್ತಾರೆ. ಜೊತೆಗೆ ಕಾವಲು ನಾಯಿಗಳೂ ಇರುತ್ತವೆ. ಜಾತ್ರೆಯಲ್ಲಿ ಕುರಿ ಕೊಯ್ದಾಗ ಗುಳ್ಳೆಗಟ್ಟಿದ ಯಕೃತ್ತನ್ನು "ನಮಗೆ ಬೇಡ, ನಾಯಿಗಾದೀತು" ಎಂದು ಎಸೆಯುವುದುಂಟು. ಅದನ್ನು ಸುಡಬೇಕು, ಇಲ್ಲವೇ ನಾಯಿ ಕೆದಕಲಾಗದಷ್ಟು ಆಳವಾಗಿ ಹೂಳಬೇಕು.