ನಮ್ಮ ಗಡಿ ಬರೆದ ಲೋಕಸಭೆ: 1952–1957



ನವೆಂಬರ್ 1 ಬಂತೆಂದರೆ ತಲಪಾಡಿಯ ಆಚೆ ಕನ್ನಡ ರಾಜ್ಯೋತ್ಸವ, ಈಚೆ ಕೇರಳ ಪಿರವಿ. ನಡುವೆ ನಾವು. ಮನೆಯಲ್ಲಿ ಕೊಂಕಣಿಯೋ ತುಳುವೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಈ ಗೆರೆಯನ್ನು ಎಳೆದವರು ಯಾರು ಎಂದು ಕೇಳಿದರೆ ‘ಸರಕಾರ’ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅದನ್ನು ಎಳೆದದ್ದು ನಮ್ಮ ಅಜ್ಜ-ಅಜ್ಜಿಯರೂ ಮತ ಹಾಕಿ ಆರಿಸಿದ ಒಂದು ಸಭೆ: ಸ್ವತಂತ್ರ ಭಾರತದ ಮೊದಲ ಲೋಕಸಭೆ.

ಮೊದಲ ಚುನಾವಣೆ

1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿಯವರೆಗೆ, ಸುಮಾರು ನಾಲ್ಕು ತಿಂಗಳು ನಡೆದ ಚುನಾವಣೆ ಅದು. ಮತದಾರರು 17 ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಜನರಿಗೆ ಓದುಬರಹ ಇರಲಿಲ್ಲ. ಅದಕ್ಕಾಗಿ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸಿದ್ದರು. ಮತದಾರರು ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರಾಯಿತು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರಿಗೆ ಇನ್ನೊಂದು ಕಷ್ಟ ಎದುರಾಯಿತು. ಅನೇಕ ಹೆಂಗಸರು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದೆ ಮತವಿಲ್ಲ ಎಂದು ಆಯೋಗ ಪಟ್ಟು ಹಿಡಿಯಿತು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಮುಂದಿನ ಚುನಾವಣೆಯ ಹೊತ್ತಿಗೆ ಹೆಸರು ಬರೆಸುವ ರೂಢಿ ಬೆಳೆಯಿತು.

ಆರಿಸಿ ಬರಬೇಕಾದ 489 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 364, ಕಮ್ಯೂನಿಸ್ಟ್ ಪಕ್ಷಕ್ಕೆ 16. 1952ರ ಮೇ 13ರಂದು ಸಭೆ ಮೊದಲ ಬಾರಿ ಸೇರಿತು. ಸಭಾಧ್ಯಕ್ಷರು ಜಿ. ವಿ. ಮಾವಳಂಕರ್, 1956ರಲ್ಲಿ ಅವರು ತೀರಿಕೊಂಡ ಮೇಲೆ ಎಂ. ಅನಂತಶಯನಂ ಅಯ್ಯಂಗಾರ್.

ನಮ್ಮ ಕಡೆಯ ಸದಸ್ಯರು

ಆಗ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲೆಗೆ ಉತ್ತರ, ದಕ್ಷಿಣ ಎಂದು ಎರಡು ಕ್ಷೇತ್ರಗಳು. ಉತ್ತರದಿಂದ ಗೆದ್ದವರು ಯು. ಶ್ರೀನಿವಾಸ ಮಲ್ಯರು. ದಕ್ಷಿಣದಿಂದ ಬೆನಗಲ್ ಶಿವರಾಯರು; ಇವರು ಹೆಸರಾಂತ ಪತ್ರಕರ್ತರು, ಸಂವಿಧಾನ ರಚನಾ ಸಭೆಯಲ್ಲಿ ಕುಳಿತವರು, ಸಂವಿಧಾನದ ಸಲಹೆಗಾರ ಬಿ. ಎನ್. ರಾಯರ ಸಹೋದರ. ಪಕ್ಕದ ಕಣ್ಣೂರಿನಿಂದ ಎ. ಕೆ. ಗೋಪಾಲನ್ ಆರಿಸಿ ಬಂದು ಕಮ್ಯೂನಿಸ್ಟ್ ಗುಂಪಿನ ನಾಯಕರಾದರು. ನೆಹರೂ ಸಂಪುಟದಲ್ಲಿ ಆರೋಗ್ಯ ಮಂತ್ರಿಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ದಿಲ್ಲಿಯ ಏಮ್ಸ್ ಆಸ್ಪತ್ರೆ ಅವರ ಶ್ರಮದ ಫಲ. ಅದರ ಕಾಯ್ದೆಯನ್ನು 1956ರಲ್ಲಿ ಅಂಗೀಕರಿಸಿದ್ದೂ ಇದೇ ಸಂಸತ್ತು.

ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧ ಮಾಡಿದ 1955ರ ಕಾಯ್ದೆ, ಜಾತಿ-ಧರ್ಮ ಬೇರೆಯಾದವರು ಮತಾಂತರವಾಗದೆ ಮದುವೆಯಾಗಲು ದಾರಿ ಮಾಡಿದ 1954ರ ವಿಶೇಷ ವಿವಾಹ ಕಾಯ್ದೆ, ಇವೂ ಆ ಐದು ವರ್ಷಗಳ ಕೆಲಸವೇ.

ಗೆರೆ ಎಳೆದದ್ದು

ಆದರೆ ಗಡಿನಾಡಿನ ನಮಗೆ ಮುಖ್ಯವಾದವು ಎರಡು ಕಾಯ್ದೆಗಳು. ಆಂಧ್ರ ರಾಜ್ಯಕ್ಕಾಗಿ ಉಪವಾಸ ಕುಳಿತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರಂದು ತೀರಿಕೊಂಡರು. ಮರುವರ್ಷವೇ ಲೋಕಸಭೆ ಆಂಧ್ರ ರಾಜ್ಯ ಕಾಯ್ದೆಯನ್ನು ಅಂಗೀಕರಿಸಿತು. ಬಳ್ಳಾರಿ ಜಿಲ್ಲೆ ಒಡೆಯಿತು: ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ, ಉಳಿದವು ಮೈಸೂರಿಗೆ.

ಅನಂತರ ಫಜಲ್ ಅಲಿ, ಎಚ್. ಎನ್. ಕುಂಜ್ರು, ಕೆ. ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ಬಂತು. 1955ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟಿತು. ಕಾಸರಗೋಡು ತಾಲೂಕನ್ನು ಇಡಿಯಾಗಿ ತೆಗೆದುಕೊಂಡರೆ ಮಲಯಾಳ ಮಾತಾಡುವವರೇ ಹೆಚ್ಚು, ಆದ್ದರಿಂದ ಕೇರಳಕ್ಕೆ ಸೇರಲಿ ಎಂಬುದು ಅದರ ಅಭಿಪ್ರಾಯ. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಬೇರೆಯಾಗಿ ನೋಡಿ ಎಂಬುದು ಕನ್ನಡಿಗರ ಬೇಡಿಕೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಈ ಹೋರಾಟದ ಮುಂಚೂಣಿಯಲ್ಲಿದ್ದರು. 1956ರ ಕಾಯ್ದೆ ತಾಲೂಕನ್ನು ಇಡಿಯಾಗಿ ಕೇರಳಕ್ಕೆ ಕೊಟ್ಟಿತು. ವಯನಾಡು ಮಲಬಾರಿನ ಜೊತೆ ಕೇರಳಕ್ಕೆ ಹೋಯಿತು. ಕೊಳ್ಳೇಗಾಲ ಮೈಸೂರಿಗೆ ಬಂದರೆ ಪಕ್ಕದ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಹೊಸೂರು, ನೀಲಗಿರಿಗಳೂ ಹಾಗೆಯೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂಬಯಿ ರಾಜ್ಯದಲ್ಲಿ ಉಳಿದವು. ಅಂದರೆ ಇಂದು ‘ಹೊರನಾಡ ಕನ್ನಡಿಗರು’ ಎನಿಸಿಕೊಂಡಿರುವ ಅನೇಕರು ಎಲ್ಲಿಗೂ ವಲಸೆ ಹೋದವರಲ್ಲ. ಅವರು ಇದ್ದಲ್ಲೇ ಇದ್ದರು, ರಾಜ್ಯದ ಹೆಸರು ಮಾತ್ರ ಬದಲಾಯಿತು.

ಇದು ಇಷ್ಟು ಸುಲಭವಾಗಿ ಆದದ್ದು ಹೇಗೆ? ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯದ ಗಡಿ ಬದಲಿಸಲು ಸಂಸತ್ತಿನ ಸರಳ ಬಹುಮತ ಸಾಕು. ರಾಜ್ಯ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಬೇಕೆಂದಿಲ್ಲ. ಗಡಿಯಲ್ಲಿರುವ ಊರಿನವರ ಮತ ಕೇಳುವ ಮಾತಂತೂ ಅಲ್ಲಿಲ್ಲ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತು, ಅದು ಜಾರಿಯಾಗಲಿಲ್ಲ.

ಕಿತ್ತುಕೊಂಡ ಕೈಯೇ ಕೊಟ್ಟದ್ದು

ಈ ಕಥೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಭಾಗ ಒಂದಿದೆ. ಅದೇ 1956ರಲ್ಲಿ ಅದೇ ಸಂಸತ್ತು ಸಂವಿಧಾನದ ಏಳನೇ ತಿದ್ದುಪಡಿ ಮಾಡಿ 350ಎ, 350ಬಿ ಎಂಬ ಎರಡು ವಿಧಿಗಳನ್ನು ಸೇರಿಸಿತು. ಮೊದಲನೆಯದು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎನ್ನುತ್ತದೆ. ಎರಡನೆಯದು, ಇಂಥ ರಕ್ಷಣೆಗಳು ಹೇಗೆ ನಡೆಯುತ್ತಿವೆ ಎಂದು ನೋಡಿ ರಾಷ್ಟ್ರಪತಿಗೆ ವರದಿ ಕೊಡುವ ಅಧಿಕಾರಿಯನ್ನು ನೇಮಿಸುತ್ತದೆ. ಎಲ್ಲಿ ಗೆರೆ ಎಳೆದರೂ ಆಚೆಗೆ ಕೆಲವರು ಉಳಿಯುತ್ತಾರೆ ಎಂಬುದು ಆ ಸದಸ್ಯರಿಗೂ ತಿಳಿದಿತ್ತು. ಮುಂದೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೂ ತಮಿಳರಿಗೂ ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿತು.

1957ರ ಏಪ್ರಿಲ್ 4ರಂದು ಮೊದಲ ಲೋಕಸಭೆ ವಿಸರ್ಜನೆಯಾಯಿತು. ಅಷ್ಟರಲ್ಲಿ ಕಾಸರಗೋಡು ಕೇರಳದ ಒಂದು ಲೋಕಸಭಾ ಕ್ಷೇತ್ರವಾಗಿತ್ತು. ಅಲ್ಲಿಂದ ಗೆದ್ದವರು ಎ. ಕೆ. ಗೋಪಾಲನ್, 1962, 1967ರಲ್ಲೂ ಅವರೇ. 1980ರಲ್ಲಿ ಎಂ. ರಾಮಣ್ಣ ರೈ, 1984ರಲ್ಲಿ ಐ. ರಾಮ ರೈ ಗೆದ್ದು ದಿಲ್ಲಿಗೆ ಹೋದರು.

ಯುವಮಿತ್ರರೇ, ಗಡಿಯ ಬಗ್ಗೆ ನಮ್ಮ ಹಿರಿಯರಲ್ಲಿ ನೋವಿದೆ, ಅದಕ್ಕೆ ಕಾರಣವೂ ಇದೆ. ಪಕ್ಕದ ಮನೆಯ ಮಲಯಾಳಿ ಗೆಳೆಯ ಅದಕ್ಕೆ ಹೊಣೆಯಲ್ಲ. ಗೆರೆಯನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಗೆರೆಯ ಜೊತೆಗೇ ಬಂದ ಹಕ್ಕನ್ನು ಬಳಸುವುದು ನಮ್ಮ ಕೈಯಲ್ಲಿದೆ. ಮುಂದಿನ ಸಲ ಕಚೇರಿಗೆ ಅರ್ಜಿ ಬರೆಯುವಾಗ ಕನ್ನಡದಲ್ಲೇ ಬರೆಯೋಣ. ಊರಿನ ಕನ್ನಡ ಶಾಲೆಯ ಒಂದನೇ ತರಗತಿಗೆ ಈ ವರ್ಷ ಎಷ್ಟು ಮಕ್ಕಳು ಸೇರಿದರು ಎಂದು ವಿಚಾರಿಸೋಣ. 18 ತುಂಬಿದವರು ಮತದಾರರ ಪಟ್ಟಿಯಲ್ಲಿ ಹೆಸರು ಬರೆಸೋಣ. ಬಳಸದ ಹಕ್ಕು ಕಾಗದದಲ್ಲೇ ಉಳಿಯುತ್ತದೆ.