ಬಿಡಿ ಮತ್ತು ಇಡಿ

ಕಣ್ಣಿಗೆ ಬಿದ್ದದ್ದೆಲ್ಲವೂ ಎಲ್ಲರಿಗೂ ಒಂದೇ ರೀತಿಯಲ್ಲಿ ಕಾಣುವುದೆಂದು ನಾವು ನಂಬಿಕೊಂಡಿದ್ದೇವೆ. ಆಟಿಸಂ ಅಥವಾ ಸ್ವಲೀನತೆಯ ಅಧ್ಯಯನದ ಚರಿತ್ರೆಯು ಈ ನಂಬಿಕೆಯನ್ನು ಮರುಚಿಂತನೆಗೆ ಒಡ್ಡುತ್ತದೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮನೋವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಜನರೊಡನೆ ಬೆರೆಯದ ಆ ಮಕ್ಕಳು ವಸ್ತುಗಳ ಜೋಡಣೆಯಲ್ಲಾದ ಅಲ್ಪ ಬದಲಾವಣೆಯನ್ನೂ ಗುರುತಿಸಿ ಕಳವಳಗೊಳ್ಳುತ್ತಿದ್ದರು. ಬಿಡಿಭಾಗಗಳ ಮೇಲೆ ಪೂರ್ಣ ಗಮನವಿಡದೆ ಇಡಿಯಾದುದನ್ನು ಗ್ರಹಿಸಲು ಅವರಿಗೆ ಆಗದೆಂಬುದನ್ನು ಕ್ಯಾನರ್ ಅಂದೇ ಕಂಡುಕೊಂಡಿದ್ದರು.

ಆದರೆ ಈ ಸೂಕ್ಷ್ಮವು ಬಹುಕಾಲ ಮೂಲೆಗೆ ಬಿದ್ದಿತು. ತಾಯಿಯ ಪ್ರೀತಿಯ ಕೊರತೆಯೇ ಕಾರಣವೆಂಬ ವಾದವು ಬಲಗೊಂಡು, 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಗ್ರಂಥದಿಂದ ಮತ್ತಷ್ಟು ಪ್ರಚಾರ ಪಡೆಯಿತು. ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿಯೇ ಈ ವಾದವನ್ನು ಖಂಡಿಸಿ, ಕಾರಣವಿರುವುದು ಶರೀರದಲ್ಲಿ ಎಂದಿದ್ದರು. ಮಾಡದ ತಪ್ಪಿಗೆ ಅದೆಷ್ಟು ತಾಯಂದಿರು ಕಣ್ಣೀರಿಟ್ಟರೋ!

1983ರಲ್ಲಿ ಲಂಡನ್ನಿನಲ್ಲಿ ಅಮಿಟ್ಟಾ ಶಾ ಮತ್ತು ಊಟಾ ಫ್ರಿತ್ ಒಂದು ಸರಳ ಪರೀಕ್ಷೆ ನಡೆಸಿದರು. ದೊಡ್ಡ ಚಿತ್ರದೊಳಗೆ ಅಡಗಿರುವ ತ್ರಿಕೋನದಂತಹ ಆಕೃತಿಯನ್ನು ಹುಡುಕಬೇಕು. ಸಮಾನ ಮಾನಸಿಕ ವಯಸ್ಸಿನ ಇತರ ಮಕ್ಕಳಿಗಿಂತ ಆಟಿಸಂ ಇರುವ ಮಕ್ಕಳೇ ಮೇಲುಗೈ ಸಾಧಿಸಿದರು. ಇಡೀ ಚಿತ್ರದ ಸೆಳೆತಕ್ಕೆ ಅವರು ಸಿಲುಕುವುದಿಲ್ಲ, ಬಿಡಿಗಳನ್ನು ಬೆಸೆಯುವ ಒಲವು ಅವರಲ್ಲಿ ದುರ್ಬಲ ಎಂದು ಫ್ರಿತ್ 1989ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಕೆನಡಾದ ಲೊರಾಂ ಮೊತ್ರೋನ್ ಇದನ್ನು ದೌರ್ಬಲ್ಯವೆನ್ನಲು ಒಪ್ಪದೆ, ಗ್ರಹಿಕೆಯ ಹೆಚ್ಚಿನ ಸಾಮರ್ಥ್ಯವೆಂದರು.

ಇಲ್ಲಿ ಅತ್ಯುತ್ಸಾಹವೂ ಸಲ್ಲದು. ಇವರದು ಹದ್ದಿನಷ್ಟು ತೀಕ್ಷ್ಣವಾದ ದೃಷ್ಟಿ ಎಂಬ 2009ರ ಪ್ರತಿಪಾದನೆಯು, ಅಳತೆಯ ವಿಧಾನದಲ್ಲಿಯೇ ದೋಷವಿದೆಯೆಂಬ ಟೀಕೆಗೆ ಗುರಿಯಾಯಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಬಿಡಿಯನ್ನು ಗ್ರಹಿಸುವ ವಿಶೇಷ ಪ್ರಾವೀಣ್ಯವು ಸ್ಪಷ್ಟವಾಗಿ ಕಂಡುಬರಲಿಲ್ಲ. ಇಡಿಯನ್ನು ಗ್ರಹಿಸಲು ಅವರಿಗೆ ಹೆಚ್ಚು ಸಮಯ ಬೇಕಾಗುತ್ತದೆ ಎಂಬುದಷ್ಟೇ ಕಂಡಿತು.

ಹೆಚ್ಚು ಸಮಯ! ಅಧ್ಯಾಪಕರಾದವರು ಮನಗಾಣಬೇಕಾದ ಮಾತಿದು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಟಿಸಂ ಅನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಕಪ್ಪುಹಲಗೆಯ ನಕ್ಷೆಯನ್ನು ಬಿಟ್ಟು ಅದರ ಮೂಲೆಯ ಗೆರೆಯೊಂದನ್ನೇ ದಿಟ್ಟಿಸುವ ಮಗುವಿಗೆ ಕಾಯಿದೆಗಿಂತ ಮೊದಲು ಬೇಕಾದದ್ದು ಗುರುವಿನ ತಾಳ್ಮೆ. ಆ ಮಗುವನ್ನು ಮಂದಮತಿಯೆಂದು ಜರೆಯುವುದೂ ಬೇಡ, ಅದ್ಭುತ ಪ್ರತಿಭೆಯೆಂದು ಮೆರೆಸುವುದೂ ಬೇಡ. ಅದಕ್ಕೆ ಏನು ಕಾಣುತ್ತಿದೆಯೆಂದು ಕೇಳಿ, ಉತ್ತರಕ್ಕಾಗಿ ಕಾದರೆ ಸಾಕು.